ಕ್ವೇಸಾರ್‌ನ ಅವಳಿ ಬಿಂಬಗಳು: ‘ಕಾಲವಿಳಂಬ’ ಸರಿಯೇ?

ಗೆಳೆಯರೇ, ಗುರುತ್ವ ಮಸೂರದ ಬಗ್ಗೆ ಹೈಸ್ಕೂಲ್ ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಇಂಗ್ಲಿಷಿನ ‘ಟೈಮ್ ಡಿಲೇ’ಗೆ ಬಳಸುವ ‘ಕಾಲವಿಳಂಬ’ ಎಂಬ ಪದದ ಹತ್ತಿರ ಬಂದು ನಿಂತಿದ್ದೇನೆ.

ವಿಷಯ ಹೀಗಿದೆ. ದೂರದ ಕ್ವೇಸಾರ್ (ಗೆಲಾಕ್ಸಿಯೊಂದರ ಬಲು ಪ್ರಕಾಶಮಾನವಾದ ಕೇಂದ್ರ) ಮತ್ತು ನಮ್ಮ ನಡುವೆ ಒಂದು ದೊಡ್ಡ ಗೆಲಾಕ್ಸಿ ಇದ್ದರೆ ಬೆಳಕು ಬಾಗಿ, ಒಂದೇ ಕ್ವೇಸಾರ್ ಎರಡೋ ನಾಲ್ಕೋ ಆಗಿ ಕಾಣುತ್ತದೆ. 1979ರಲ್ಲಿ ಮೊದಲು ಸಿಕ್ಕಿದ್ದು ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿರುವ ಅವಳಿ ಕ್ವೇಸಾರ್. ಎರಡು ಬಿಂಬಗಳ ಬೆಳಕು ಬೇರೆ ಬೇರೆ ದಾರಿಯಲ್ಲಿ ಬರುವುದರಿಂದ ಒಂದು ಮುಂಚೆ, ಒಂದು ಆಮೇಲೆ ತಲುಪುತ್ತದೆ. ಇದನ್ನೇ ‘ಕಾಲವಿಳಂಬ’ ಎನ್ನುವುದು. ಈ ಅವಳಿಯಲ್ಲಿ ಆ ಅವಧಿ 415 ದಿನದ ಆಸುಪಾಸೋ ಅಥವಾ 540ರ ಆಸುಪಾಸೋ ಎಂದು ವರ್ಷಗಟ್ಟಲೆ ಜಗಳವಿತ್ತು. 1994ರ ಡಿಸೆಂಬರಿನಲ್ಲಿ ಮೊದಲ ಬಿಂಬ ಇದ್ದಕ್ಕಿದ್ದಂತೆ ಮಂಕಾಯಿತು. ಎರಡನೆಯದು 1996ರ ಫೆಬ್ರವರಿಯಲ್ಲಿ ಹಾಗೇ ಮಂಕಾಯಿತು. ಲೆಕ್ಕ 417 ದಿನಕ್ಕೆ ಕೂತಿತು.

ಈಗ ನೋಡಿ, ‘ವಿಳಂಬ’ ಎಂದರೆ ಗೊತ್ತುಮಾಡಿದ ಹೊತ್ತಿಗೆ ಬರಲಿಲ್ಲ ಎಂದರ್ಥ, ಅಲ್ವಾ? ‘ಕಾಲವಿಳಂಬ ಮಾಡದೆ ಅರ್ಜಿ ಸಲ್ಲಿಸಿ’ ಅಂತೀವಿ. ಇಲ್ಲಿ ಗೊತ್ತುಮಾಡಿದ ಹೊತ್ತೇ ಇಲ್ಲ. ಅಳೆಯುವುದು ಎರಡು ಬರವುಗಳ ನಡುವಿನ ವ್ಯತ್ಯಾಸವನ್ನು ಮಾತ್ರ. ‘ಕಾಲಾಂತರ’ ಎನ್ನೋಣ ಎಂದರೆ ಅದು ‘ಕಾಲಾಂತರದಲ್ಲಿ’ ಎಂಬ ಬಳಕೆಯಲ್ಲಿ ಬೇರೆಯೇ ಅರ್ಥಕ್ಕೆ ಹೋಗಿಬಿಟ್ಟಿದೆ. ನನ್ನ ಮನಸ್ಸು ‘ಆಗಮನದ ಅಂತರ’ ಅಥವಾ ಬರೀ ‘ಕಾಲದ ಅಂತರ’ದ ಕಡೆಗಿದೆ.

ಆದರೆ ಒಂದು ತೊಡಕಿದೆ. ದಾರಿಯ ಉದ್ದದ ವ್ಯತ್ಯಾಸ ಒಂದು ಪಾಲು ಮಾತ್ರ. ಗೆಲಾಕ್ಸಿಯ ಗುರುತ್ವದಲ್ಲಿ ಹಾದು ಬರುವ ಬೆಳಕು, ಗುರುತ್ವವೇ ಇಲ್ಲದಿದ್ದರೆ ಬರುತ್ತಿದ್ದುದಕ್ಕಿಂತ ನಿಜವಾಗಿಯೂ ತಡವಾಗಿಯೇ ಬರುತ್ತದೆ. ಆ ಪಾಲಿಗೆ ‘ವಿಳಂಬ’ ಚೆನ್ನಾಗಿ ಹೊಂದುತ್ತದೆ. ಹಾಗಾಗಿ ಎರಡೂ ಪದ ಇಟ್ಟುಕೊಂಡು ಕೆಲಸ ಹಂಚಿಕೊಡುವುದು ವಾಸಿ ಅನ್ನಿಸುತ್ತದೆ.

ಇದು ಸುಮ್ನೆ ಪದದ ಹಟವಲ್ಲ. ನಾರ್ವೆಯ ರೆಫ್ಸ್‌ಡಾಲ್ 1964ರಲ್ಲೇ ತೋರಿಸಿದಂತೆ, ಈ ಅಂತರದಿಂದ ವಿಶ್ವ ಹಿಗ್ಗುವ ದರ, ಅಂದರೆ ಹಬಲ್ ಸ್ಥಿರಾಂಕ, ಸಿಗುತ್ತದೆ. ಗೆಲಾಕ್ಸಿಯ ದ್ರವ್ಯರಾಶಿ ಹರಡಿರುವ ಬಗೆ ಗೊತ್ತಿದ್ದರೆ, ಅಂತರ ಕಡಿಮೆ ಬಂದಷ್ಟೂ ದರ ಜಾಸ್ತಿ. ಆರು ಕ್ವೇಸಾರ್‌ಗಳಿಂದ ಒಂದು ತಂಡಕ್ಕೆ ಈ ದರ ಸುಮಾರು 73 ಬಂತು (ಅಂದರೆ ಪ್ರತಿ ಮೆಗಾಪಾರ್ಸೆಕ್, ಸುಮಾರು 32.6 ಲಕ್ಷ ಜ್ಯೋತಿರ್ವರ್ಷ, ದೂರಕ್ಕೆ ಸೆಕೆಂಡಿಗೆ 73 ಕಿ.ಮೀ.). ವಿಶ್ವದ ಆದಿಕಾಲದ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ ಮಾಪನ, ನಾವು ಒಪ್ಪಿರುವ ವಿಶ್ವಮಾದರಿಯ ಪ್ರಕಾರ, 67.4 ಅನ್ನುತ್ತದೆ. (ದ್ರವ್ಯರಾಶಿಯ ಹರಡಿಕೆಯ ಊಹೆ ಸಡಿಲಿಸಿದರೆ 73ರ ಖಚಿತತೆ ತಗ್ಗುತ್ತದೆ.) ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಲಡಾಖಿನ ಹಾನ್ಲೆಯಲ್ಲಿ ಇಟ್ಟಿರುವ ದೂರದರ್ಶಕವೂ ಇಂಥ ಬಿಂಬಗಳ ಏರಿಳಿತ ಅಳೆದಿದೆ.

ಭೌತವಿಜ್ಞಾನ ಪಾಠ ಮಾಡುವವರು ತರಗತಿಯಲ್ಲಿ ಏನು ಹೇಳುತ್ತೀರಿ? ‘ಅಂತರ’ ಎಂದರೆ ಮಕ್ಕಳು ದೂರ ಎಂದು ತಿಳಿಯುತ್ತಾರಾ?