ರೌಟರ್ ಲಿಫ್ಟ್: ಎತ್ತುಗವೋ, ಏತವೋ, ಜಾಕೋ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಮೂರು ದಿನದಿಂದ ತಲೆ ತಿನ್ನುತ್ತಿದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಹವ್ಯಾಸಕ್ಕೆ ಮರಗೆಲಸ ಮಾಡುವವರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿ ರೌಟರ್ ಲಿಫ್ಟ್ ಆರಿಸಿಕೊಳ್ಳುವುದರ ಬಗ್ಗೆ ಒಂದು ಅಧ್ಯಾಯ. ಹೆಸರನ್ನು ಹಾಗೇ ಬಿಟ್ಟರಾಯಿತು ಅಂದುಕೊಂಡಿದ್ದೆ. ಕರಡು ಓದಿದ ಗೆಳೆಯರೊಬ್ಬರು, "ವೈಫೈ ಡಬ್ಬಿಯನ್ನು ಯಾಕ್ರೀ ಮೇಲೆತ್ತಬೇಕು?" ಅಂತ ಕೇಳಿದರು. ತಪ್ಪು ಅವರದಲ್ಲ ಬಿಡಿ.

ಗೊತ್ತಿಲ್ಲದವರಿಗೆ ವಸ್ತು ಏನು ಅಂತ ಮೊದಲು ಹೇಳಿಬಿಡುತ್ತೇನೆ. ರೌಟರ್ ಅಂದರೆ ಒಂದು ಮೋಟರ್, ಅದರ ತುದಿಗೆ ಬಿಟ್ ಅನ್ನುವ ಹರಿತವಾದ ಅಲಗು. ನಿಮಿಷಕ್ಕೆ ಇಪ್ಪತ್ತು ಸಾವಿರ ಸುತ್ತು ಮೀರಿ ತಿರುಗಿ, ಮರದಲ್ಲಿ ತೋಡು ತೆಗೆಯುತ್ತದೆ, ಅಂಚಿಗೆ ರೂಪ ಕೊಡುತ್ತದೆ. ಕೈಯಲ್ಲಿ ಹಿಡಿದು ಮರದ ಮೇಲೆ ಓಡಿಸಬಹುದು. ಇಲ್ಲವೇ ಮೇಜಿನ ಅಡಿಗೆ ತಲೆಕೆಳಗಾಗಿ ನೇತುಹಾಕಿ, ಬಿಟ್ ಮಾತ್ರ ಮೇಲಕ್ಕೆ ಇಣುಕುವ ಹಾಗೆ ಮಾಡಿ, ಮರವನ್ನೇ ಅದರ ಮುಂದೆ ಸರಿಸಬಹುದು. ಬಿಟ್ ಎಷ್ಟು ಇಣುಕಬೇಕು ಅನ್ನುವುದೇ ಇಲ್ಲಿ ಎಲ್ಲ. ಅದನ್ನು ಪ್ರತಿಸಲ ಮೇಜಿನ ಕೆಳಗೆ ಬಗ್ಗಿ, ಕತ್ತು ತಿರುಚಿ ಸರಿಮಾಡುವ ಬದಲು, ಮೇಲಿನಿಂದಲೇ ಒಂದು ಹಿಡಿ ತಿರುಗಿಸಿ ಏರಿಸಿ ಇಳಿಸುವ ಸಾಧನವೇ ಲಿಫ್ಟ್.

ಮೊದಲು ರೌಟರ್ ವಿಷಯ. ಇಂಟರ್‌ನೆಟ್ಟಿನ ರೌಟರ್ ಮತ್ತು ಮರಗೆಲಸದ ರೌಟರ್ ಇಂಗ್ಲಿಷಿನಲ್ಲಿ ಒಂದೇ ಕಾಗುಣಿತ, ಆದರೆ ಹುಟ್ಟು ಬೇರೆ. ಮೊದಲನೆಯದು ದಾರಿ ಅನ್ನುವ 'ರೂಟ್'ನಿಂದ ಬಂದದ್ದು. ಎರಡನೆಯದು 'ರೌಟ್' ಅನ್ನುವ ಕ್ರಿಯಾಪದದಿಂದ. ಹಂದಿ ಮೂತಿಯಿಂದ ನೆಲ ಕೆದಕುತ್ತದಲ್ಲ, ಅದಕ್ಕೆ ಹೇಳುವ ಮಾತು ಅದು. ಬ್ರಿಟನ್ನಿನಲ್ಲಿ ಉಚ್ಚಾರಣೆಯೂ ಬೇರೆ: ಇಂಟರ್‌ನೆಟ್ಟಿನದು ರೂಟರ್, ಮರದ್ದು ರೌಟರ್. ನಾವು ಎರಡಕ್ಕೂ ರೌಟರ್ ಅಂದುಬಿಟ್ಟೆವು. ಮೋಟರ್ ಬರುವ ಮೊದಲು ಇದೇ ಕೆಲಸಕ್ಕೆ ಕೈಯ ಉಪಕರಣವೊಂದಿತ್ತು. ಇಂಗ್ಲಿಷ್ ಬಡಗಿಗಳು ಅದನ್ನು ತಮಾಷೆಗೆ 'ಮುದುಕಿಯ ಹಲ್ಲು' ಅನ್ನುತ್ತಿದ್ದರು, ಒಂದೇ ಒಂದು ಉಳಿ ಕೆಳಗೆ ಚಾಚಿಕೊಂಡಿರುತ್ತದೆ ಅಂತ. ಇಂಥದ್ದೊಂದು ಹೆಸರು ನಮ್ಮ ಬಡಗಿಗಳ ಬಾಯಲ್ಲೂ ಇದ್ದರೆ ಎಷ್ಟು ಚೆನ್ನ!

ಕನ್ನಡದಲ್ಲಿ 'ಕೊರಕ' ಅನ್ನೋಣ ಅಂದರೆ, ಕೊರೆಯುವುದು ಅಂದ ಕೂಡಲೇ ಬೈರಿಗೆ, ಡ್ರಿಲ್ ನೆನಪಾಗುತ್ತವೆ. ಅದು ತೂತು. ಇದು ತೋಡು. ಹಾಗಾಗಿ 'ತೋಡುಗ' ಹತ್ತಿರ ಅನ್ನಿಸಿತು. ಆದರೆ ಕೆಲಸಗಾರರ ಬಾಯಲ್ಲಿ ರೌಟರ್ ಗಟ್ಟಿಯಾಗಿ ಕೂತಿದೆ. ಕೂತದ್ದನ್ನು ಎಬ್ಬಿಸುವ ಉತ್ಸಾಹ ನನಗಿಲ್ಲ. 'ಮರದ ರೌಟರ್' ಅಂತ ಮೊದಲ ಸಲ ಬರೆದು, ಮುಂದೆ ಬರೀ ರೌಟರ್ ಅನ್ನುತ್ತೇನೆ. (ಮರದ ರೌಟರ್ ಅಂದರೆ ಮರದಿಂದ ಮಾಡಿದ್ದು ಅಂತಲೂ ಆಗುತ್ತೆ, ಗೊತ್ತು. ಮರದ ಗರಗಸ ಅಂದರೆ ಮರದಿಂದ ಮಾಡಿದ್ದು ಅಂತ ಯಾರೂ ಅಂದುಕೊಳ್ಳುವುದಿಲ್ಲ ಅಲ್ವಾ, ಓದುಗರು ನಿಭಾಯಿಸುತ್ತಾರೆ.)

ತೊಡಕು ಇರುವುದು ಲಿಫ್ಟ್‌ನಲ್ಲಿ. ನೇರ ಕನ್ನಡ 'ಎತ್ತು'. 'ರೌಟರ್ ಎತ್ತು' ಅಂತ ಬರೆದು ನೋಡಿ. ಒಂದೋ ಕೊಟ್ಟಿಗೆಯಲ್ಲಿ ಕಟ್ಟಿದ ಎತ್ತು, ಇಲ್ಲವೇ ಯಾರೋ ರೌಟರ್ ಕದಿಯಲು ಹೇಳಿದ ಹಾಗೆ. 'ಎತ್ತುಗ' ಅಂದರೆ ಆ ಗೊಂದಲ ಹೋಗುತ್ತದೆ. ಈ 'ಗ' ಹಚ್ಚಿದ ಹೊಸ ಪದಗಳು ಕೆಲವರಿಗೆ ಹಿಡಿಸುವುದಿಲ್ಲ, ಆದರೆ ನನ್ನ ತಕರಾರು ಅದಲ್ಲ. ಎತ್ತುವುದು ಅಂದರೆ ಕೆಳಗಿರುವುದನ್ನು ಮೇಲೆ ಮಾಡಿಬಿಡುವುದು, ಅಲ್ಲಿಗೆ ಮುಗಿಯಿತು. ಈ ಸಾಧನದ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಕೂದಲೆಳೆಯಷ್ಟು ಏರಿಸಬೇಕು, ಅಷ್ಟೇ ಇಳಿಸಬೇಕು, ಎಲ್ಲಿ ಬಿಟ್ಟೆವೋ ಅಲ್ಲೇ ಅಲುಗದೆ ಹಿಡಿದಿರಬೇಕು. ಕೊಳ್ಳುವವರು ಮೋಸ ಹೋಗುವುದೂ ಇಲ್ಲೇ. ಎತ್ತುವುದನ್ನು ಎಲ್ಲ ಲಿಫ್ಟ್‌ಗಳೂ ಮಾಡುತ್ತವೆ. ಹಿಡಿದಿಡುವುದರಲ್ಲಿ ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ.

ಆಮೇಲೆ 'ಏತ' ಹೊಳೆಯಿತು. ಲಿಫ್ಟ್ ಇರಿಗೇಶನ್‌ಗೆ ಏತ ನೀರಾವರಿ ಅಂತ ಎಲ್ಲರೂ ಒಪ್ಪಿದ್ದಾರೆ. ತಮಿಳಿನಲ್ಲಿ ಬಾವಿಯ ಏತಕ್ಕೆ 'ಏಟ್ರಂ' ಅನ್ನುತ್ತಾರೆ, ಅದಕ್ಕೆ ಏರಿಕೆ ಅನ್ನುವ ಅರ್ಥವೂ ಇದೆ. ಅಂದರೆ ನಮ್ಮ ಏತವೂ 'ಏರು' ಕುಟುಂಬದ್ದೇ. 'ರೌಟರ್ ಏತ' ಕೇಳಲೂ ಇಂಪು. ಎರಡು ದಿನ ಇದೇ ಸರಿ ಅಂತ ಖುಷಿಯಲ್ಲಿದ್ದೆ. ಆದರೆ ಏತ ಅಂದಾಗ ಕಣ್ಣಿಗೆ ಬರುವುದು ಉದ್ದನೆಯ ಮರ, ಒಂದು ತುದಿ ಮೇಲೆ ಇನ್ನೊಂದು ಕೆಳಗೆ. ಅದು ಸನ್ನೆಯ ತತ್ವ. ರೌಟರ್ ಲಿಫ್ಟ್ ಒಳಗೆ ಇರುವುದು ತಿರುಪು: ಮೈಮೇಲೆ ಸುರುಳಿ ಗೆರೆಯುಳ್ಳ ಒಂದು ಸರಳು, ಪಕ್ಕದಲ್ಲಿ ದಾರಿ ತಪ್ಪದಂತೆ ನಿಲ್ಲಿಸಿದ ಕಂಬಗಳು. ಒಂದು ಅಂಗುಲಕ್ಕೆ 16 ಸುತ್ತಿನ ತಿರುಪಾದರೆ, ಹಿಡಿಯನ್ನು ಒಂದು ಸುತ್ತು ತಿರುಗಿಸಿದಾಗ ಬಿಟ್ 1.6 ಮಿಲಿಮೀಟರ್‌ನಷ್ಟು ಏರುತ್ತದೆ. ಕಾಲು ಸುತ್ತಿಗೆ 0.4. ಈ ನಯ ಏತಕ್ಕೆಲ್ಲಿ ಬರಬೇಕು?

ಹಾಗೆ ನೋಡಿದರೆ ಇದು ಕಾರಿನಡಿ ಇಡುವ ಜಾಕಿನ ಜಾತಿ. 'ಜಾಕ್', 'ಜಾಕಿ' ಎಲ್ಲರಿಗೂ ಗೊತ್ತಿರುವ ಪದ. 'ರೌಟರ್ ಜಾಕ್' ಅಂದರೆ ಮೆಕ್ಯಾನಿಕ್ಕಿಗೂ ಬಡಗಿಗೂ ಕೂಡಲೇ ಅರ್ಥವಾಗುತ್ತದೆ. ಆದರೆ ಕೈಯಿಂದಲೇ ಮೇಜು ಮಾಡಿಕೊಳ್ಳುವ ಕೆಲವರು ನಿಜವಾಗಿಯೇ ಹಳೆಯ ಕಾರ್ ಜಾಕನ್ನು ರೌಟರಿನ ಅಡಿ ಇಟ್ಟು ಲಿಫ್ಟ್ ಮಾಡಿಕೊಳ್ಳುತ್ತಾರೆ! ಆಗ ಅದನ್ನು ಏನಂತ ಕರೆಯಲಿ? ಪದ ಮೊದಲೇ ಖರ್ಚಾಗಿಬಿಟ್ಟಿರುತ್ತದೆ.

ಇದರ ಜೊತೆಗೇ ಹುಟ್ಟಿದ ಇನ್ನೊಂದು ಪದದ ಪ್ರಶ್ನೆ. ತಿರುಪಿಗೂ ನಟ್ಟಿಗೂ ನಡುವೆ ಉಳಿಯುವ ಸಡಿಲಕ್ಕೆ ಇಂಗ್ಲಿಷಿನಲ್ಲಿ ಬ್ಯಾಕ್‌ಲ್ಯಾಶ್ ಅನ್ನುತ್ತಾರೆ. ನಾನು 'ಆಟ' ಅಂತ ಬರೆದಿದ್ದೇನೆ. "ತಿರುಪಿನಲ್ಲಿ ಆಟ ಇದೆ." ಕೀಲು ಆಡುತ್ತಿದೆ, ಹಿಡಿ ಆಡುತ್ತಿದೆ ಅನ್ನುತ್ತೇವಲ್ಲ, ಅದೇ. ಇಳಿಸುವಾಗ ಮೋಟರ್ ಕಂಬಕ್ಕೆ ಕಚ್ಚಿಕೊಂಡು ತುಸು ಹಿಂದೆ ಉಳಿಯುತ್ತದೆ, ಯಂತ್ರ ಶುರುವಾಗಿ ನಡುಗಿದಾಗ ಸುಮ್ನೆ ಜಾರಿ ಕೂರುತ್ತದೆ. ಅದಕ್ಕೇ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಇಳಿಸಿ, ಆಮೇಲೆ ಏರಿಸುತ್ತಾ ಬಂದು ನಿಲ್ಲಿಸಬೇಕು. ಇನ್ನು ಕೆಲವದರಲ್ಲಿ ಬಿಗಿ ಹಾಕುವ ಕ್ರಿಯೆಯೇ ಎತ್ತರ ಕೆಡಿಸುತ್ತದೆ. ನನ್ನ ಮೊದಲ ಲಿಫ್ಟ್ ಹಾಗಿತ್ತು. ಅಳತೆ ಸರಿಮಾಡಿ ಬಿಗಿ ತಿರುಗಿಸಿದರೆ ಬಿಟ್ ಅಷ್ಟರಲ್ಲೇ ಮೇಲೆದ್ದಿರುತ್ತಿತ್ತು. ಒಂದು ಪೆಟ್ಟಿಗೆಯ ನಾಲ್ಕೂ ಮೂಲೆ ಹಾಳಾದ ಮೇಲೆ ಗೊತ್ತಾಯಿತು. ಲಾಕ್ ಅನ್ನುವುದಕ್ಕೆ 'ಬೀಗ' ಇಲ್ಲಿ ಹೊಂದುವುದಿಲ್ಲ, 'ಬಿಗಿ' ಅಂತಲೇ ಬರೆದಿದ್ದೇನೆ. ಸರಿಯೇ?

ಉಳಿದವು ಅಷ್ಟು ಕಾಡಲಿಲ್ಲ. ಮೇಜಿಗೆ ಹುದುಗುವ ಪ್ಲೇಟನ್ನು ಪ್ಲೇಟ್ ಅಂತಲೇ ಬಿಟ್ಟೆ, ತಟ್ಟೆ ಅಂದರೆ ಊಟದ್ದಾಗುತ್ತದೆ. ಬಿಟ್ಟಿನ ಸುತ್ತ ಕೂರುವ, ಬೇರೆ ಬೇರೆ ಗಾತ್ರದ ತೂತಿನ ಉಂಗುರಗಳಿಗೆ 'ಬಳೆ'. ಬಳೆ ಮತ್ತು ಮೇಜು ಒಂದೇ ಮಟ್ಟದಲ್ಲಿರಬೇಕು ಅನ್ನುವಲ್ಲಿ 'ಸಪಾಟು'. ಮೋಟರಿನ ಮೈ ಲಿಫ್ಟಿನ ಹಿಡಿತಕ್ಕೆ ಕೂರಬೇಕು ಅನ್ನುವುದನ್ನು ಮಾತ್ರ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ದೊಡ್ಡ ಮೋಟರ್‌ಗಳು ಸುಮಾರು 4.2 ಅಂಗುಲ ಅಡ್ಡಳತೆ, ಮಧ್ಯಮದವು 3.5. ಅದು ಕೂರದಿದ್ದರೆ ಒಳ್ಳೆಯ ಲಿಫ್ಟೂ ದಂಡ. ಒತ್ತಿ ಇಳಿಸುವ ಬಗೆಯ ರೌಟರ್ ಆದರೆ ಬೇರೆ ರಗಳೆ. ತಲೆಕೆಳಗಾದಾಗ ಅದರ ಸ್ಪ್ರಿಂಗ್ ಮೋಟರನ್ನು ಕೆಳಕ್ಕೇ ನೂಕುತ್ತದೆ, ಭಾರವೂ ಅತ್ತಲೇ ಎಳೆಯುತ್ತದೆ. ಆದ್ದರಿಂದ ಸ್ಪ್ರಿಂಗ್ ತೆಗೆಯುವ ಏರ್ಪಾಡು ಇದೆಯೇ ನೋಡಬೇಕು. ಟ್ರೈಟನ್‌ನಂಥ ಕೆಲವು ಕಂಪನಿಯ ರೌಟರ್‌ಗಳಲ್ಲಿ ಮೇಲಿನಿಂದ ಏರಿಸುವ ಏರ್ಪಾಡು ಒಳಗೇ ಇರುತ್ತದೆ, ಅಂಥವಕ್ಕೆ ಬೇರೆ ಲಿಫ್ಟ್ ಬೇಕಿಲ್ಲ. ಇದನ್ನು ಬರೆಯುವಾಗಲೂ 'ಲಿಫ್ಟ್ ಇಲ್ಲದ ಲಿಫ್ಟ್' ಅಂತೆಲ್ಲ ಬರೆದು ಅಳಿಸಿದೆ.

ಸದ್ಯಕ್ಕೆ ಕರಡಿನಲ್ಲಿ 'ಏರಿಳಿಕ' ಅಂತ ಇಟ್ಟಿದ್ದೇನೆ. ಏರುವುದೂ ಇಳಿಯುವುದೂ ಎರಡೂ ಅದರಲ್ಲಿವೆ. ಆದರೆ ಮೊದಲ ಓದಿಗೆ ಏರಿಳಿತ ಅಂತ ಕಾಣುತ್ತದೆ, ಅಚ್ಚಿನ ದೋಷ ಅಂದುಕೊಂಡಾರು ಅನ್ನುವ ಭಯ. ಹಿಡಿದಿಡುವ ಅರ್ಥವಂತೂ ಅದರಲ್ಲೂ ಇಲ್ಲ.

ಬಡಗಿ ಕೆಲಸದ ಮನೆಯಲ್ಲಿ ಬೆಳೆದವರು ಈ ಗುಂಪಿನಲ್ಲಿ ಇದ್ದಾರೆ ಅಂತ ಗೊತ್ತು. ಉಳಿ, ಬಾಚಿ, ಕೊಡತಿಗಳ ಜೊತೆ, ಅಲಗನ್ನು ಬೇಕಾದಷ್ಟೇ ಹೊರಗೆ ಬಿಟ್ಟು ಅಲ್ಲೇ ಬಿಗಿ ಮಾಡುವುದಕ್ಕೆ ನಿಮ್ಮ ಮನೆಯಲ್ಲಿ ಏನಾದರೂ ಮಾತು ಇತ್ತೇ? ಮರ ಹೆರೆದು ನಯಮಾಡುವ ತೋಪಡದ ಅಲಗು ಕೂರಿಸುವಾಗ ಏನನ್ನುತ್ತಿದ್ದರು? ಆ ಕ್ರಿಯಾಪದ ಒಂದು ಸಿಕ್ಕರೆ ಹೆಸರು ನಾನು ಮಾಡಿಕೊಳ್ಳುತ್ತೇನೆ.