ಅಪ್‌ಡೇಟ್: 12 ಗಂಟೆ ಟ್ರೈನರ್ ಸೈಕಲ್ ತುಳಿದು ಮುಗಿಸಿದೆ

ದಾವಣಗೆರೆಯ ನಮ್ಮ ಮನೆಯಲ್ಲಿ ಟ್ರೈನರ್ (ಸೈಕಲನ್ನು ಒಂದೇ ಕಡೆ ನಿಲ್ಲಿಸಿ ತುಳಿಯುವ ಸ್ಟ್ಯಾಂಡ್) ಮೇಲೆ ಸೈಕಲ್ ತುಳಿಯುವಾಗ ಐದನೆಯ ಗಂಟೆಗೆ ಸೋತುಹೋಗುತ್ತೇನೆ, ತುಳಿಯುವ ಶಕ್ತಿ ಅದೇ 130 ವ್ಯಾಟ್ ಇದ್ದರೂ ಹೃದಯಬಡಿತ ನಿಮಿಷಕ್ಕೆ 125ರಿಂದ 158ಕ್ಕೆ ಏರುತ್ತದೆ, ಏಕೆ ಎಂದು ಇಲ್ಲಿ ಕೇಳಿದ್ದೆ. ಕಾಲಿನ ಶಕ್ತಿ ಸಾಲದು ಎಂದೇ ನಂಬಿದ್ದೆ. ನೀವು ಸೆಕೆಯ ಕಡೆ ಬೆರಳು ತೋರಿಸಿದಿರಿ. ಅದೇ ನಿಜವಾಯಿತು.

ರಸ್ತೆಯಲ್ಲಿ ಎದುರುಗಾಳಿ ಬೆವರನ್ನು ಆರಿಸುತ್ತದೆ. ಕೋಣೆಯಲ್ಲಿ ಅದು ಮೈಮೇಲಿಂದ ಸುಮ್ಮನೆ ತೊಟ್ಟಿಕ್ಕುತ್ತದೆ. ರಕ್ತ ಚರ್ಮದತ್ತ ಹರಿಯುತ್ತದೆ, ನೀರಿನಂಶ ಇಳಿಯುತ್ತದೆ, ಹೃದಯ ಹೆಚ್ಚು ಬಡಿಯಲೇಬೇಕು. ಈ ಸಲ ಎರಡು ದೊಡ್ಡ ಫ್ಯಾನ್ ಇಟ್ಟು ಬೆಳಗಿನ ಜಾವ 3ಕ್ಕೆ ಆರಂಭಿಸಿದೆ. ಹನ್ನೆರಡನೆಯ ಗಂಟೆಯಲ್ಲೂ ಬಡಿತ 139 ದಾಟಲಿಲ್ಲ! ಕಣ್ಣು ತುಂಬಿ ಬಂತು.

ಗಂಟೆಗೆ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್: 40 ಗ್ರಾಂ ಸಕ್ಕರೆಯ ನಿಂಬೆ ಪಾನಕ, ಒಂದು ಬಾಳೆಹಣ್ಣು. ಲೀಟರಿಗೆ ಒಂದೂವರೆ ಗ್ರಾಂ ಉಪ್ಪು. ಎಂಟನೆಯ ಗಂಟೆಗೆ ಸಿಹಿ ಕಂಡರೇ ವಾಕರಿಕೆ. ಆಗ ಅಮ್ಮ ಕೊಟ್ಟ ಉಪ್ಪು ಹಾಕಿದ ಗಂಜಿ ಕಾಪಾಡಿತು. ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಅಪಾಯಕಾರಿಯಾಗಿ ಕುಸಿಯಬಹುದು ಎಂದು ಎಚ್ಚರಿಸಿದವರಿಗೆ ವಿಶೇಷ ಕೃತಜ್ಞತೆ. ಮೊದಲಿನ ಮತ್ತು ಕೊನೆಯ ತೂಕ ನೋಡಿದೆ, 1.3 ಕಿಲೋ ಮಾತ್ರ ಇಳಿದಿತ್ತು.

ಸೀಟಿನ ನೋವು ಮಾತ್ರ ನಿಜವಾದ ಶತ್ರು. ಸ್ಥಿರವಾಗಿ ನಿಂತ ಸೈಕಲ್ ಓಲಾಡುವುದಿಲ್ಲ, ಒತ್ತಡವೆಲ್ಲ ಒಂದೇ ಜಾಗಕ್ಕೆ. ಹತ್ತು ನಿಮಿಷಕ್ಕೊಮ್ಮೆ ಎದ್ದು ನಿಂತು ತುಳಿದೆ.

ಎಡಗೈ ಕಿರುಬೆರಳು ಇನ್ನೂ ಜೋಮು ಹಿಡಿದಿದೆ. ನಾಳೆ ವೈದ್ಯರಿಗೆ ತೋರಿಸುತ್ತೇನೆ, ಅದು ಸರಿಯಾಗುವವರೆಗೆ 24 ಗಂಟೆ ತುಳಿಯುವ ಯೋಚನೆ ಇಲ್ಲ.