ಡಾಕ್ಸ್‌ಗೂ ಕೋಡ್‌ಗೂ ತಾಳೆ ನೋಡುವ ಕೆಲಸ ಎಐ ಏಜೆಂಟ್‌ಗೆ ಕೊಟ್ಟವರು ಇದ್ದೀರಾ?

ಪ್ರಶ್ನೆ

ನಮ್ಮ ಪ್ರಾಜೆಕ್ಟ್‌ನಲ್ಲಿ ರೀಡ್‌ಮಿ, ಇನ್‌ಸ್ಟಾಲೇಶನ್ ಗೈಡ್, ಎಪಿಐ ಡಾಕ್ಸ್, ಹಳೆಯ ಡಿಸೈನ್ ಟಿಪ್ಪಣಿ ಎಲ್ಲಾ ಇವೆ. ಬರೆದವರು ಬೇರೆ ಬೇರೆ, ಬರೆದ ಕಾಲವೂ ಬೇರೆ. ಟೈಮ್‌ಔಟ್ (ಉತ್ತರಕ್ಕೆ ಕಾಯುವ ಗರಿಷ್ಠ ಸಮಯ) ಒಂದು ಪುಟದಲ್ಲಿ 30 ಸೆಕೆಂಡ್, ಇನ್ನೊಂದರಲ್ಲಿ 60. ಯಾವಾಗಲೋ ತೆಗೆದುಹಾಕಿದ ಸೆಟ್ಟಿಂಗ್ ಬಗ್ಗೆ ಇನ್ನೂ ಒಂದು ಇಡೀ ಪುಟ ಇದೆ. ಎಐ ಏಜೆಂಟ್‌ಗೆ (ಫೈಲ್‌ಗಳನ್ನು ಓದಿ ತಾನೇ ಕೆಲಸ ಮಾಡುವ ಎಐ ಟೂಲ್) "ಡಾಕ್ಸ್‌ನಲ್ಲಿ ತಪ್ಪು ಹುಡುಕು" ಅಂತ ಕೊಟ್ಟು ನೋಡಿದೆ. ಉದ್ದದ ಪಟ್ಟಿ ಬಂತು, ಅದರಲ್ಲಿ ಅರ್ಧ ಕಾಮಾ, ಫುಲ್‌ಸ್ಟಾಪ್ ವಿಚಾರ. ಮಾಡಿ ನೋಡಿದವರು ಹೇಳಿ, ಎಲ್ಲಿಂದ ಶುರು ಮಾಡಬೇಕು?

ಬ್ಯಾಕೆಂಡ್ ಡೆವಲಪರ್

"ತಪ್ಪು ಹುಡುಕು" ಅಂದರೆ ಅದು ಏನಾದರೊಂದು ಹುಡುಕಿಯೇ ತೀರುತ್ತದೆ. ಬರಿಗೈಯಲ್ಲಿ ವಾಪಸ್ ಬರುವ ಅಭ್ಯಾಸ ಅದಕ್ಕಿಲ್ಲ. ಕೆಲಸವನ್ನು ಎರಡಾಗಿ ಒಡೆಯಿರಿ.

ಮೊದಲ ಹಂತದಲ್ಲಿ ತಪ್ಪು-ಸರಿ ಮಾತೇ ಬೇಡ. ಪರೀಕ್ಷೆ ಮಾಡಬಹುದಾದ ಹೇಳಿಕೆಗಳನ್ನು ಮಾತ್ರ ಹೆಕ್ಕಿಸಿ: ಡಿಫಾಲ್ಟ್ ವ್ಯಾಲ್ಯೂ, ಕಮಾಂಡ್ ಹೆಸರು, ಎನ್ವಿರಾನ್‌ಮೆಂಟ್ ವೇರಿಯಬಲ್, ಪೋರ್ಟ್ ನಂಬರ್, ಎರರ್ ಕೋಡ್, ಬೇಕಾದ ವರ್ಷನ್, ಫೈಲ್ ಸೈಜಿನ ಮಿತಿ. "ನಮ್ಮ ಟೂಲ್ ತುಂಬಾ ವೇಗ" ಅನ್ನುವಂಥದ್ದನ್ನು ಬಿಟ್ಟುಬಿಡಿ. ಅದನ್ನು ಯಾವ ಸಾಲಿನ ಜೊತೆ ತಾಳೆ ನೋಡುವುದು?

ಎರಡನೇ ಹಂತದಲ್ಲಿ ಆ ಒಂದೊಂದು ಹೇಳಿಕೆಗೂ ಕೋಡ್‌ನಲ್ಲಿ ಜೋಡಿ ಹುಡುಕಿಸಿ. ವರದಿಯಲ್ಲಿ ಡಾಕ್ಸ್‌ನ ಫೈಲ್, ಸಾಲು, ಅಲ್ಲಿರುವ ಮಾತು ಇರಬೇಕು. ಕೋಡ್‌ನ ಫೈಲ್, ಸಾಲು, ಅಲ್ಲಿರುವ ಮಾತೂ ಇರಬೇಕು. ಎರಡೂ ಕಡೆಯ ಸಾಕ್ಷಿ ಇಲ್ಲದ ದೂರು ವರದಿಗೆ ಬರಲೇಬಾರದು. ಉಲ್ಲೇಖಿಸಿದ ಮಾತು ನಿಜವಾಗಿಯೂ ಆ ಫೈಲ್‌ನಲ್ಲಿದೆಯೇ ಎಂದು ಒಂದು ಚಿಕ್ಕ ಸ್ಕ್ರಿಪ್ಟ್‌ನಿಂದ ನೋಡಿಸಿ, ಇದಕ್ಕೆ ಎಐ ಬೇಡ. ಇಲ್ಲದ ಫಂಕ್ಷನ್ ಹೆಸರು ಹುಟ್ಟಿಸಿ ಬರೆದ ದೂರುಗಳೆಲ್ಲ ಅಲ್ಲೇ ಉದುರುತ್ತವೆ.

ಇನ್ನೊಂದು ಮಾತು, ನನ್ನ ಮಟ್ಟಿಗೆ ಇದೇ ಮುಖ್ಯ. ಎರಡು ಕಡೆ ಹೊಂದುತ್ತಿಲ್ಲ ಅಂತ ಹೇಳುವುದು ಏಜೆಂಟ್ ಕೆಲಸ. ಯಾವುದು ಸರಿ ಅಂತ ಹೇಳುವುದು ಅದರ ಕೆಲಸ ಅಲ್ಲ. ಬಿಟ್ಟರೆ ಅದು ಹೆಚ್ಚಾಗಿ ಕೋಡ್ ಪರವೇ ತೀರ್ಪು ಕೊಡುತ್ತದೆ: ಕೋಡ್‌ನಲ್ಲಿ 60 ಇದೆ, ಹಾಗಾಗಿ ಡಾಕ್ಸ್‌ನ 30 ಹಳೆಯದು, ತಿದ್ದಿಬಿಡುತ್ತೇನೆ. ಆದರೆ 30 ಇರಲಿ ಅಂತ ತೀರ್ಮಾನ ಮಾಡಿ ಬರೆದಿದ್ದರೆ? ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರ ಸೆಪ್ಟೆಂಬರ್‌ನಲ್ಲಿ ಕಳೆದುಹೋಯಿತು. ನೆಲದ ಮೇಲಿನ ಒಂದು ಸಾಫ್ಟ್‌ವೇರ್ ಲೆಕ್ಕವನ್ನು ಪೌಂಡ್-ಸೆಕೆಂಡ್‌ನಲ್ಲಿ ಕೊಡುತ್ತಿತ್ತು, ಅದರ ಇಂಟರ್‌ಫೇಸ್ ಡಾಕ್ಯುಮೆಂಟ್ ಕೇಳಿದ್ದು ನ್ಯೂಟನ್-ಸೆಕೆಂಡ್. ಅಲ್ಲಿ ಡಾಕ್ಯುಮೆಂಟ್ ಸರಿ ಇತ್ತು, ಕೋಡ್ ತಪ್ಪಿತ್ತು. ಅಂಥ ಕಡೆ ಡಾಕ್ಸ್ ತಿದ್ದುವ ಏಜೆಂಟ್ ಇದ್ದರೆ ಬಗ್‌ಗೆ ಅಧಿಕೃತ ಮುದ್ರೆ ಒತ್ತಿದ ಹಾಗೆ.

ಟೆಕ್ನಿಕಲ್ ರೈಟರ್

ಮೇಲಿನವರು ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ಆದರೆ ಏಜೆಂಟ್‌ಗಿಂತ ಮುಂಚೆ ಎಐ ಇಲ್ಲದ ಮಂಕು ಟೂಲ್‌ಗಳನ್ನು ಓಡಿಸಿ. ಮುರಿದ ಲಿಂಕ್ ಹುಡುಕಲು ಟೋಕನ್ (ಎಐ ಬಳಕೆ ಅಳೆಯುವ ಲೆಕ್ಕ) ಖರ್ಚು ಮಾಡುವುದು ಸುಮ್ನೆ ದಂಡ. ಡಾಕ್ಸ್ ತಯಾರಿಸುವ ಸ್ಫಿಂಕ್ಸ್ ಟೂಲ್‌ನಲ್ಲಿ ಲಿಂಕ್‌ಚೆಕ್ ಇದೆ. ಪದ ಬಳಕೆ, ಶೈಲಿ ನೋಡಲು ವೇಲ್ ಅನ್ನುವ ಟೂಲ್ ಇದೆ. ಡಾಕ್ಸ್‌ನಲ್ಲಿರುವ ಉದಾಹರಣೆ ಕೋಡ್ ಓಡಿಸಿ ನೋಡಲು ಪೈಥಾನ್‌ನಲ್ಲಿ ಡಾಕ್‌ಟೆಸ್ಟ್ 2001ರಿಂದಲೂ ಇದೆ. ರಸ್ಟ್‌ನಲ್ಲಂತೂ ಲೈಬ್ರರಿಯ ಡಾಕ್ ಕಾಮೆಂಟ್ ಒಳಗಿನ ಉದಾಹರಣೆಗಳು ಕಾರ್ಗೊ ಟೆಸ್ಟ್ (ಪರೀಕ್ಷೆಗಳನ್ನು ಓಡಿಸುವ ಕಮಾಂಡ್) ಜೊತೆಗೇ ಓಡುತ್ತವೆ. ಇವೆಲ್ಲ ಪ್ರತಿ ಸಲವೂ ಅದೇ ಉತ್ತರ ಕೊಡುತ್ತವೆ, ಏಜೆಂಟ್ ಕೊಡುವುದಿಲ್ಲ.

ಸೆಟ್ಟಿಂಗ್‌ಗಳ ಪಟ್ಟಿ ಕೈಯಲ್ಲಿ ಬರೆದದ್ದಾದರೆ ಅದನ್ನು ತಾಳೆ ನೋಡಿಸುವ ಬದಲು ಕೋಡ್‌ನಿಂದಲೇ ತಯಾರಾಗುವ ಹಾಗೆ ಮಾಡಿ. ಒಂದೇ ಸಂಗತಿ ಎರಡು ಕಡೆ ಇಲ್ಲದಿದ್ದರೆ ಜಗಳವೇ ಇಲ್ಲವಲ್ಲ.

ಇಷ್ಟಾದ ಮೇಲೆ ಉಳಿಯುವುದು ಅರ್ಥದ ತೊಡಕು, ಏಜೆಂಟ್ ನಿಜಕ್ಕೂ ಉಪಯೋಗಕ್ಕೆ ಬರುವುದು ಅಲ್ಲಿ. ಒಂದು ಪುಟ "ಲಾಗಿನ್ ಆದ ಯಾರಾದರೂ ಅಳಿಸಬಹುದು" ಅನ್ನುತ್ತದೆ, ಇನ್ನೊಂದು "ಅಡ್ಮಿನ್ ಮಾತ್ರ" ಅನ್ನುತ್ತದೆ. ಯಾವ ಲಿಂಟರ್ (ನಿಯಮ ಹಿಡಿದು ತಪ್ಪು ಹುಡುಕುವ ಟೂಲ್) ಕೂಡ ಇದನ್ನು ಹಿಡಿಯುವುದಿಲ್ಲ. "ಮಾಡಲೇಬೇಕು", "ಮಾಡಿದರೆ ಒಳ್ಳೆಯದು", "ಮಾಡಬಹುದು" ಈ ಮೂರರ ಕಲಬೆರಕೆಯನ್ನೂ ಹುಡುಕಿಸಿ. ಇಂಗ್ಲಿಷ್ ಡಾಕ್ಸ್‌ನಲ್ಲಿ ಮಸ್ಟ್, ಶುಡ್, ಮೇ ಪದಗಳಿಗೆ ಏನರ್ಥ ಅಂತ 1997ರ ಆರ್‌ಎಫ್‌ಸಿ 2119 (ಇಂಟರ್ನೆಟ್ ಮಾನದಂಡಗಳ ಸರಣಿಯ ಒಂದು ದಾಖಲೆ) ಹೇಳಿಟ್ಟಿದೆ. ದೊಡ್ಡಕ್ಷರದಲ್ಲಿ ಬರೆದಾಗ ಮಾತ್ರ ಆ ಅರ್ಥ ಅಂತ 2017ರಲ್ಲಿ ಆರ್‌ಎಫ್‌ಸಿ 8174 ಸ್ಪಷ್ಟಪಡಿಸಿತು. ನಿಮ್ಮ ಪ್ರಾಜೆಕ್ಟ್ ಅದನ್ನು ಪಾಲಿಸುತ್ತದೋ ಇಲ್ಲವೋ ಏಜೆಂಟ್‌ಗೆ ಮೊದಲೇ ಹೇಳಿ.

ಪ್ರಶ್ನೆ ಕೇಳಿದವರು

ತುಂಬಾ ಉಪಯೋಗವಾಯಿತು. ಡಾಕ್ಸ್-ಕೋಡ್ ಸರಿ, ಡಾಕ್ಸ್-ಡಾಕ್ಸ್ ಹೇಗೆ? ನಮ್ಮಲ್ಲಿ ಸುಮಾರು ನೂರು ಫೈಲ್ ಇವೆ. ಎಲ್ಲವನ್ನೂ ಒಟ್ಟಿಗೆ ಸುರಿದರೆ ಆಗುತ್ತಾ?

ಓಪನ್ ಸೋರ್ಸ್ ಮೇಂಟೇನರ್

ಸುರಿಯಬೇಡಿ. ಉದ್ದದ ಪಠ್ಯ ಕೊಟ್ಟಾಗ ಮಾಡೆಲ್‌ಗಳು ಮೊದಲ ಮತ್ತು ಕೊನೆಯ ಭಾಗವನ್ನು ಚೆನ್ನಾಗಿ ಬಳಸಿಕೊಂಡು ನಡುವಿನದನ್ನು ಜಾಸ್ತಿ ಬಿಡುತ್ತವೆ ಅಂತ 2023ರಲ್ಲೇ ಸಂಶೋಧಕರು ತೋರಿಸಿದ್ದಾರೆ. ಮಾಡೆಲ್‌ಗಳು ಆಮೇಲೆ ಸುಧಾರಿಸಿವೆ, ಆದರೂ ಭಾರ ಹೊರಿಸಿ ನಂಬುವುದು ಬೇಡ. ಹಾಗಂತ ಎರಡೆರಡು ಫೈಲ್ ಜೋಡಿ ಮಾಡಿ ಕೊಡಲೂ ಆಗುವುದಿಲ್ಲ. ನೂರು ಫೈಲ್‌ಗೆ 4,950 ಜೋಡಿ ಆಗುತ್ತವೆ.

ಮೇಲೆ ಹೇಳಿದ ಹೇಳಿಕೆಗಳ ಪಟ್ಟಿ ಇಲ್ಲೂ ಕೆಲಸಕ್ಕೆ ಬರುತ್ತದೆ. ಪ್ರತಿ ಹೇಳಿಕೆಗೂ ಒಂದು ವಿಷಯದ ಹೆಸರು ಅಂಟಿಸಿ: ಟೈಮ್‌ಔಟ್, ಲಾಗಿನ್, ಬ್ಯಾಕಪ್, ಹೀಗೆ. ಒಂದೇ ವಿಷಯದವುಗಳನ್ನು ಗುಂಪು ಮಾಡಿ, ಗುಂಪಿನೊಳಗೆ ಮಾತ್ರ ಹೋಲಿಸಿ. ನಾವು ಹೀಗೇ ಮಾಡುತ್ತೇವೆ. ಸಿಕ್ಕ ದೂರನ್ನು ಎರಡನೇ ಏಜೆಂಟ್‌ಗೆ ಹೊಸ ಸೆಶನ್‌ನಲ್ಲಿ ಕೊಟ್ಟು "ಇದು ಸುಳ್ಳು ಅಂತ ಸಾಬೀತು ಮಾಡು" ಅನ್ನುತ್ತೇವೆ. ಮೊದಲಿನದರ ವಾದ ತೋರಿಸುವುದಿಲ್ಲ, ಎರಡು ಉಲ್ಲೇಖ ಮಾತ್ರ. ವಾದ ತೋರಿಸಿದರೆ ಅದು ತಲೆಯಾಡಿಸಿಬಿಡುತ್ತದೆ.

ಹುಷಾರಾಗಿರಬೇಕಾದದ್ದು ಹಳೆಯ ದಾಖಲೆಗಳ ವಿಚಾರದಲ್ಲಿ. ಚೇಂಜ್‌ಲಾಗ್, ರಿಲೀಸ್ ನೋಟ್ಸ್, ನಿಮ್ಮ ಡಿಸೈನ್ ಟಿಪ್ಪಣಿ ಇವೆಲ್ಲ ಆಗ ಏನಾಯಿತು ಅಂತ ಹೇಳುವಂಥವು. ಇವತ್ತಿನ ಕೋಡ್ ಜೊತೆ ಹೊಂದದಿರುವುದೇ ಅವುಗಳ ಸಹಜ ಸ್ಥಿತಿ. ಹೇಳದಿದ್ದರೆ ಏಜೆಂಟ್ ಅವನ್ನೂ ತಪ್ಪು ಅಂತ ಗುಡ್ಡೆ ಹಾಕುತ್ತದೆ. ಅಂಥ ಫೈಲ್‌ಗಳ ತಲೆಯಲ್ಲಿ "ಇತಿಹಾಸ", "ಜಾರಿಯಲ್ಲಿದೆ", "ಪ್ರಸ್ತಾಪ" ಅಂತ ಒಂದು ಸಾಲು ಹಾಕಿ. ಆಮೇಲೆ ಓದುವ ಮನುಷ್ಯರಿಗೂ ಅನುಕೂಲ.

ಏಜೆಂಟ್ ಎಷ್ಟು ಹಿಡಿಯುತ್ತದೆ ಅಂತ ತಿಳಿಯಲು ಒಂದು ಉಪಾಯ ಇದೆ. ಬೇರೆ ಬ್ರಾಂಚ್‌ನಲ್ಲಿ (ಪ್ರಾಜೆಕ್ಟ್‌ನ ಪ್ರತ್ಯೇಕ ಕವಲು) ಬೇಕಂತಲೇ ಕೆಲವು ತಪ್ಪು ಸೇರಿಸಿ. ಒಂದು ಅಂಕಿ ಬದಲಿಸಿ, ಕಮಾಂಡ್ ಜೊತೆ ಕೊಡುವ ಒಂದು ಫ್ಲ್ಯಾಗ್ ಹೆಸರು ತಿರುಚಿ, "ಮೊದಲು" ಇದ್ದಲ್ಲಿ "ನಂತರ" ಹಾಕಿ. ಆಮೇಲೆ ಓಡಿಸಿ ನೋಡಿ. ಅಂಕಿಗಳು ಸುಲಭವಾಗಿ ಸಿಕ್ಕಿಬೀಳುತ್ತವೆ. ಹಂತಗಳ ಕ್ರಮ ತಪ್ಪಿದ್ದು, ಬರೆಯದೇ ಬಿಟ್ಟದ್ದು ಬೇಗ ಸಿಗುವುದಿಲ್ಲ. ಬಿಟ್ಟುಹೋದದ್ದನ್ನು ಹುಡುಕಲು ದಿಕ್ಕು ತಿರುಗಿಸಬೇಕು: ಕೋಡ್‌ನಲ್ಲಿರುವ ಸೆಟ್ಟಿಂಗ್‌ಗಳ ಪಟ್ಟಿ ಕೊಟ್ಟು, ಯಾವುದಕ್ಕೆ ಡಾಕ್ಸ್ ಇಲ್ಲ ಅಂತ ಕೇಳಿ.

ಸೆಕ್ಯುರಿಟಿ ಕಡೆಯವರು

ಒಂದೇ ಮಾತು. ಓದುವ ಅನುಮತಿ ಸಾಕು, ಬರೆಯುವುದು ಬೇಡ. ಪಾಸ್‌ವರ್ಡ್, ಕೀ ಯಾವುದೂ ಅದರ ಕೈಗೆ ಸಿಗಬಾರದು. ಇನ್‌ಸ್ಟಾಲೇಶನ್ ಗೈಡ್ ಅಂದರೆ ಆಜ್ಞೆಗಳ ಮೂಟೆ. "ಹಳೆಯ ಡೇಟಾಬೇಸ್ ಅಳಿಸಿ ಮುಂದುವರಿಯಿರಿ" ಅಂತ ಇರುವ ಸಾಲನ್ನು ಏಜೆಂಟ್ ತನಗೇ ಹೇಳಿದ್ದು ಅಂದುಕೊಳ್ಳಬಹುದು. ಹೊರಗಿನವರ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಬರುವ ಪ್ರಾಜೆಕ್ಟ್ ಆದರೆ, ಯಾರಾದರೂ ಕಾಮೆಂಟ್‌ನಲ್ಲಿ ಏಜೆಂಟ್‌ಗೆ ಅಂತಲೇ ಆಜ್ಞೆ ಬಚ್ಚಿಡಬಹುದು. ಕಮಾಂಡ್ ಓಡಿಸಲೇಬೇಕು ಅಂದರೆ ನೆಟ್‌ವರ್ಕ್ ಇಲ್ಲದ ಕಂಟೇನರ್ (ಉಳಿದದ್ದರಿಂದ ಬೇರ್ಪಡಿಸಿದ ಜಾಗ) ಒಳಗೆ ಓಡಿಸಿ. ಮತ್ತೆ, ಏಜೆಂಟ್‌ಗಳಿಗಾಗಿಯೇ ಬರೆದಿಟ್ಟ ಸೂಚನೆ ಫೈಲ್ ಇರುತ್ತದಲ್ಲ, ಅದೂ ಹಳಸುತ್ತದೆ. ಅದನ್ನೂ ತಾಳೆ ಪಟ್ಟಿಗೆ ಸೇರಿಸಿ.

ಬ್ಯಾಕೆಂಡ್ ಡೆವಲಪರ್

ಇಡೀ ರೆಪೊ (ಪ್ರಾಜೆಕ್ಟ್‌ನ ಎಲ್ಲ ಫೈಲ್‌ಗಳು) ಒಮ್ಮೆ ತಾಳೆ ನೋಡಿಸಿದ ಮೇಲೆ ದಿನಾ ಅದನ್ನೇ ಓಡಿಸಬೇಡಿ, ಖರ್ಚು ಜಾಸ್ತಿ. ಪ್ರತಿ ಪುಲ್ ರಿಕ್ವೆಸ್ಟ್‌ನ ಡಿಫ್ (ಬದಲಾದ ಸಾಲುಗಳು) ಮಾತ್ರ ಕೊಟ್ಟು ಒಂದೇ ಪ್ರಶ್ನೆ ಕೇಳಿ: "ಈ ಬದಲಾವಣೆಯಿಂದ ಡಾಕ್ಸ್‌ನ ಯಾವ ವಾಕ್ಯ ಸುಳ್ಳಾಗುತ್ತದೆ?" ಕೋಡ್ ಬದಲಿಸಿದವರಿಗೆ ವಿಷಯ ತಲೆಯಲ್ಲಿ ಬಿಸಿಯಾಗಿರುತ್ತದೆ, ಉತ್ತರ ಹೇಳಲು ಅವರಿಗಿಂತ ಸೂಕ್ತರು ಯಾರು?

ಅದು ಕಾಮೆಂಟ್ ಹಾಕಲಿ, ಬಿಲ್ಡ್ ನಿಲ್ಲಿಸುವುದು ಬೇಡ. ಅದೇ ಡಿಫ್‌ಗೆ ಇವತ್ತು ಒಂದು, ನಾಳೆ ಇನ್ನೊಂದು ಹೇಳುವ ಪರೀಕ್ಷಕನಿಗೆ ಮರ್ಜ್ (ಬದಲಾವಣೆ ಸೇರಿಸಿಕೊಳ್ಳುವುದು) ತಡೆಯುವ ಅಧಿಕಾರ ಕೊಟ್ಟರೆ ಜನ ಅದನ್ನು ಆಫ್ ಮಾಡುವ ದಾರಿ ಹುಡುಕುತ್ತಾರೆ. ತಳ್ಳಿಹಾಕಿದ ದೂರುಗಳನ್ನು ಕಾರಣದ ಜೊತೆ ಒಂದು ಫೈಲ್‌ನಲ್ಲಿ ಇಟ್ಟು ಪ್ರತಿ ಸಲ ಏಜೆಂಟ್‌ಗೆ ಕೊಡಿ, ಇಲ್ಲದಿದ್ದರೆ ಅವೇ ಮತ್ತೆ ಮತ್ತೆ ಬರುತ್ತವೆ. ನಿಮ್ಮ 30-60 ಟೈಮ್‌ಔಟ್ ಮಾತ್ರ ಏಜೆಂಟ್‌ಗೆ ಕಾಯಬೇಡಿ. ಆ ಸಾಲು ಯಾರು ಯಾವಾಗ ಬದಲಿಸಿದರು ಅಂತ ಗಿಟ್ ಬ್ಲೇಮ್ ಹೇಳುತ್ತದೆ, ಅವರನ್ನೇ ಕೇಳಿ.